ನಡುಮನೆಯಲ್ಲಿ ಕಟ್ಟಿದ ಹಾಡುಗಳು

ಡೆಟ್ರಾಯಿಟ್ ನಗರದ ನೈರುತ್ಯ ಭಾಗದಲ್ಲಿ ವರ್ನರ್ ಹೈವೇ ಎಂಬ ರಸ್ತೆಯಿದೆ. ಹೆಸರಿಗೆ ಹೈವೇಯಾದರೂ ನಡೆದು ನೋಡಿದರೆ ಅದೊಂದು ಪೇಟೆಬೀದಿ. ಎರಡೂ ಬದಿಯಲ್ಲಿ ಮೆಕ್ಸಿಕನ್ ಬೇಕರಿಗಳು, ಟಾಕೊ ಅಂಗಡಿಗಳು, ಸ್ಪ್ಯಾನಿಷ್ ಬೋರ್ಡುಗಳು. ಜಂಕ್ಷನ್ ಅವೆನ್ಯೂ ಸೇರುವ ಕಡೆ ಹೋಲಿ ರಿಡೀಮರ್ ಚರ್ಚಿನ ಗಂಟೆಗೋಪುರ ಎತ್ತರಕ್ಕೆ ನಿಂತಿದೆ. ನದಿಯ ಕಡೆಗೆ ಹೋದರೆ 1929ರಲ್ಲಿ ಕಟ್ಟಿದ ಅಂಬಾಸಡರ್ ಸೇತುವೆ, ಅದರ ಆಚೆಗೆ ಕೆನಡಾ. ಈ ಚರ್ಚಿನಲ್ಲಿ ಪಾದ್ರಿಗೆ ಪೂಜೆಯಲ್ಲಿ ನೆರವಾಗುತ್ತಿದ್ದ ಹುಡುಗರಲ್ಲಿ ಜಾನ್ ಗಿಲ್ಲಿಸ್ ಎಂಬವನಿದ್ದ. ತಂದೆತಾಯಿ ಇಬ್ಬರೂ ಡೆಟ್ರಾಯಿಟ್‌ನ ಕ್ಯಾಥೋಲಿಕ್ ಧರ್ಮಪ್ರಾಂತ್ಯದಲ್ಲಿ ನೌಕರಿಗಿದ್ದವರು, ಅವರ ಹತ್ತು ಮಕ್ಕಳಲ್ಲಿ ಇವನೇ ಕೊನೆಯವನು. ಮುಂದೆ 1996ರಲ್ಲಿ ಮೆಗ್ ವೈಟ್ ಎಂಬಾಕೆಯನ್ನು ಮದುವೆಯಾಗಿ ಹೆಂಡತಿಯ ಕುಲನಾಮವನ್ನೇ ತನ್ನದಾಗಿಸಿಕೊಂಡು ಜ್ಯಾಕ್ ವೈಟ್ ಆದ. ಮರುವರ್ಷ ಇಬ್ಬರೂ ಸೇರಿ ‘ದ ವೈಟ್ ಸ್ಟ್ರೈಪ್ಸ್’ ಎಂಬ ರಾಕ್ ಜೋಡಿ ಕಟ್ಟಿದರು. ಅವನು ಗಿಟಾರ್ ಮತ್ತು ಹಾಡು, ಅವಳು ಡ್ರಮ್ಸ್. ಮೂರನೆಯವರಿಲ್ಲ.

ನಾನು ಇಲ್ಲಿಗೆ ಬಂದದ್ದು ಈ ಜೋಡಿಯ ಎರಡನೆಯ ಆಲ್ಬಮ್ ‘ಡಿ ಸ್ಟೈಲ್’ ಹುಟ್ಟಿದ ನೆಲ ನೋಡಲು. 2000ದ ಜೂನ್‌ನಲ್ಲಿ ಹೊರಬಂದ ಅದರಲ್ಲಿ ಹದಿಮೂರು ಹಾಡುಗಳಿವೆ. ಒಟ್ಟು ಸುಮಾರು ಮೂವತ್ತೇಳು ನಿಮಿಷ. ಅದರ ಮುಂದಿನ ಆಲ್ಬಮ್‌ಗಳು ಇವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದವು, ಸ್ಟೇಡಿಯಂಗಳಲ್ಲಿ ಜನ ಕೂಗುವ ರಾಗಗಳೂ ಅವುಗಳಲ್ಲೇ ಇವೆ. ಆದರೂ ಈ ಇಬ್ಬರು ತಮ್ಮತನವನ್ನು ಕಂಡುಕೊಂಡದ್ದು ಎರಡನೆಯದರಲ್ಲಿ ಎಂಬುದು ನನ್ನ ನಂಬಿಕೆ. ಆ ಆಲ್ಬಮ್ ಮುದ್ರಣವಾದದ್ದು ಯಾವ ದೊಡ್ಡ ಸ್ಟುಡಿಯೋದಲ್ಲೂ ಅಲ್ಲ, ಇದೇ ನೈರುತ್ಯ ಡೆಟ್ರಾಯಿಟ್‌ನ ಒಂದು ಮನೆಯ ನಡುಮನೆಯಲ್ಲಿ.

ನನ್ನನ್ನು ಕರೆತಂದವರು ನಮ್ಮ ಭಾವ. ಡೆಟ್ರಾಯಿಟ್ ಸುತ್ತಲಿನ ಊರುಗಳಲ್ಲಿ ಕಾರು ಉದ್ಯಮವನ್ನು ನಂಬಿ ಬಂದು ನೆಲೆಸಿದ ಕನ್ನಡಿಗರು ಬಹಳ ಮಂದಿ ಇದ್ದಾರೆ, ‘ಪಂಪ ಕನ್ನಡ ಕೂಟ’ ಇಲ್ಲಿಯದೇ. ಭಾವನ ಕೆಲಸ ಕಾರಿನ ಸೀಟುಗಳ ವಿನ್ಯಾಸ. ರಾಕ್ ಸಂಗೀತದ ಗೋಜಿಗೆ ಹೋದವರಲ್ಲ. ಆದರೆ ಜ್ಯಾಕ್ ವೈಟ್ ಮೊದಲು ಸೋಫಾ ಕುರ್ಚಿಗಳಿಗೆ ಕುಶನ್ ಹಾಕುವ ಕೆಲಸಗಾರ ಎಂದು ನಾನು ಹೇಳಿದ ಕೂಡಲೇ, “ಹೌದೇನೋ? ಹಾಗಾದ್ರೆ ನಡಿ, ನಾನೂ ಬರ್ತೀನಿ” ಎಂದು ರಜೆ ಹಾಕಿ ಹೊರಟರು.

ಆ ಮನೆ ಇರುವ ಅಡ್ಡಬೀದಿಯಲ್ಲಿ ನಾವು ಕಾರು ನಿಲ್ಲಿಸಲಿಲ್ಲ. ಬೇರೆಯವರ ಬದುಕು ನಡೆಯುವ ಜಾಗದಲ್ಲಿ ನಿಂತು ಇಣುಕುವುದು ನನಗೆ ಒಗ್ಗದು. ಬೀದಿಯುದ್ದಕ್ಕೂ ಮರದ ಹಳೆಯ ಮನೆಗಳು, ಮುಂದೆ ಜಗಲಿ. ಅಂಥದೊಂದರೊಳಗೆ ನಡುಮನೆ ಎಂದರೆ ಎಷ್ಟು ದೊಡ್ಡದಿದ್ದೀತು ಎಂದು ಹೊರಗಿನಿಂದಲೇ ಅಂದಾಜು ಮಾಡಬಹುದು. ಜ್ಯಾಕ್ ಬೆಳೆದದ್ದೂ ಅದೇ ಮನೆಯಲ್ಲಿ. ಅಲ್ಲಿ ಎಂಟು ಟ್ರ್ಯಾಕ್‌ನ ಟೇಪ್ ಯಂತ್ರವೊಂದನ್ನು ಇಟ್ಟುಕೊಂಡು ತಾನೇ ನಿರ್ಮಾಪಕನಾಗಿ ಹಾಡುಗಳನ್ನು ಹಿಡಿದ.

ಎಂಟು ಟ್ರ್ಯಾಕ್ ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಕಾಂತೀಯ ಟೇಪಿನ ಅಗಲದಲ್ಲಿ ಎಂಟು ಸಾಲು, ಒಂದೊಂದು ಸಾಲಿನಲ್ಲಿ ಒಂದೊಂದು ದನಿ. ಡ್ರಮ್ಸ್‌ಗೆ ಎರಡು ಮೂರು ಕೊಟ್ಟರೆ ಉಳಿದದ್ದರಲ್ಲಿ ಗಿಟಾರ್, ಕಂಠ, ಪಿಯಾನೊ ಎಲ್ಲ ಹೊಂದಬೇಕು. ಜಾಗ ಸಾಲದಿದ್ದರೆ ಎರಡು ಸಾಲನ್ನು ಬೆರೆಸಿ ಒಂದಕ್ಕೆ ಇಳಿಸಬೇಕು, ಬೆರೆಸಿದ ಮೇಲೆ ಮತ್ತೆ ಬಿಡಿಸಲಾಗದು. ಕಂಪ್ಯೂಟರಿನಲ್ಲಿ ತಪ್ಪಿದ ಸ್ವರವನ್ನು ಕತ್ತರಿಸಿ ಸರಿಯಾದದ್ದನ್ನು ಅಂಟಿಸುವ ಅನುಕೂಲ ಇಲ್ಲಿಲ್ಲ. ಹಾಗಾಗಿ ಟೇಪ್ ತಿರುಗುವ ಮೊದಲೇ ಯಾವುದು ಬೇಕು, ಯಾವುದು ಬೇಡ ಎಂಬುದು ನಿರ್ಧಾರವಾಗಿರಬೇಕು. 2000ದ ಹೊತ್ತಿಗೆ ಇದಕ್ಕಿಂತ ಸುಲಭದ ದಾರಿಗಳು ಬೇಕಾದಷ್ಟಿದ್ದವು. ಜ್ಯಾಕ್‌ಗೆ ಈ ಕಟ್ಟುಪಾಡೇ ಬೇಕಾಗಿತ್ತು.

ಕಟ್ಟುಪಾಡುಗಳ ಪಟ್ಟಿ ಇನ್ನೂ ಇತ್ತು. ಕೆಂಪು, ಬಿಳಿ, ಕಪ್ಪು ಮೂರೇ ಬಣ್ಣ. ಬ್ಯಾಂಡಿನಲ್ಲಿ ಬಾಸ್ ಗಿಟಾರ್ ಇಲ್ಲ. ನುಡಿಸುವ ಕೆಂಪು ಏರ್‌ಲೈನ್ ಗಿಟಾರ್ 1960ರ ದಶಕದ್ದು, ಮರದ ಬದಲು ಫೈಬರ್ ಗ್ಲಾಸ್ ಮೈಯದು, ಒಂದು ಕಾಲಕ್ಕೆ ಮಾಂಟ್ಗೊಮರಿ ವಾರ್ಡ್ ಮಳಿಗೆಗಳಲ್ಲಿ ಸಾಮಾನ್ಯರಿಗೆಂದು ಮಾರುತ್ತಿದ್ದ ಸರಕು. ಆಲ್ಬಮ್‌ಗೆ ಹೊರಗಿನವರ ನೆರವು ಬಹಳ ಕಡಿಮೆ: ಅಲ್ಲಿಷ್ಟು ಪಿಟೀಲು, ಇಲ್ಲಿಷ್ಟು ಮೌತ್ ಆರ್ಗನ್. ‘ಲೆಟ್ಸ್ ಬಿಲ್ಡ್ ಎ ಹೋಮ್’ ಹಾಡು ಮಗುವೊಂದರ ದನಿಯಿಂದ ಶುರುವಾಗುತ್ತದೆ. ಅದನ್ನು ಕೇಳಿದಾಗಲೆಲ್ಲ ಈ ಇಡೀ ಆಲ್ಬಮ್ಮೇ ಒಂದು ಮನೆಯ ಒಳಗಿನ ಸದ್ದು ಅನಿಸುತ್ತದೆ. ಹಾಡುಗಳ ಸುತ್ತ ಗೋಡೆಗಳು ಹತ್ತಿರದಲ್ಲೇ ಇವೆ ಎಂಬುದು ಕಿವಿಗೆ ಗೊತ್ತಾಗುತ್ತದೆ.

ಶೀರ್ಷಿಕೆ ಬಂದದ್ದು ನೆದರ್ಲೆಂಡ್ಸ್‌ನ ಕಲಾಚಳವಳಿಯಿಂದ. 1917ರಲ್ಲಿ ಥಿಯೊ ವಾನ್ ಡೂಸ್ಬರ್ಗ್, ಪೀಟ್ ಮೋಂಡ್ರಿಯಾನ್ ಮೊದಲಾದವರು ನೆಟ್ಟಗಿನ ಗೆರೆ, ಚೌಕ, ಮೂಲಬಣ್ಣ ಇಷ್ಟನ್ನೇ ಇಟ್ಟುಕೊಂಡು ಕಲೆ ಮಾಡಹೊರಟರು. ಆಲ್ಬಮ್‌ನ ಅರ್ಪಣೆ ಇಬ್ಬರಿಗೆ. ಒಬ್ಬ ಆ ಚಳವಳಿಯ ಗೆರಿಟ್ ರೀಟ್‌ಫೆಲ್ಟ್, ಇನ್ನೊಬ್ಬ ಜಾರ್ಜಿಯಾ ರಾಜ್ಯದ ಅಂಧ ಬ್ಲೂಸ್ ಗಾಯಕ ಬ್ಲೈಂಡ್ ವಿಲ್ಲಿ ಮ್ಯಾಕ್‌ಟೆಲ್. ರೀಟ್‌ಫೆಲ್ಟ್ ಮೂಲತಃ ಬಡಗಿ. ಅವನ ಕೆಂಪು-ನೀಲಿ ಕುರ್ಚಿ ಜಗತ್ಪ್ರಸಿದ್ಧ. ಬರೀ ಹಲಗೆ, ಬರೀ ರೀಪು. ಎಲ್ಲಿ ಯಾವುದು ಯಾವುದಕ್ಕೆ ಕೂಡಿದೆ ಎಂಬುದೆಲ್ಲ ಕಣ್ಣಿಗೆ ಬಿಚ್ಚಿಟ್ಟ ಹಾಗೆ. ಕುಶನ್ ಹಾಕಿ ಜೀವನ ಮಾಡುತ್ತಿದ್ದ ಹುಡುಗ ಕುಶನ್ನೇ ಇಲ್ಲದ ಕುರ್ಚಿಗೆ ಮನಸೋತದ್ದು ನನಗೆ ಈ ಆಲ್ಬಮ್‌ನ ಕೀಲಿಕೈಯಂತೆ ಕಾಣುತ್ತದೆ. ಬಟ್ಟೆ ಬಿಚ್ಚಿದರೆ ಸೋಫಾದೊಳಗೆ ಏನಿರುತ್ತದೆ ಎಂದು ಬಲ್ಲವನು ಅವನು. ಅತಿಯಾದದ್ದನ್ನು ಕಳಚಿ ಮೊದಲಿನ ಸರಳತೆಗೆ ಹಿಂದಿರುಗಬೇಕೆಂದು ಆಲ್ಬಮ್‌ನ ಹೊದಿಕೆಯ ಟಿಪ್ಪಣಿಯಲ್ಲಿ ತಾನೇ ಬರೆದಿದ್ದಾನೆ.

ಕಾರಿನಲ್ಲಿ ಇದನ್ನೆಲ್ಲ ಹೇಳುತ್ತ ಬಂದೆ. ಹದಿನೈದರ ಆಸುಪಾಸಿನಲ್ಲಿ ಮನೆಯವರ ಸ್ನೇಹಿತ ಬ್ರಯನ್ ಮುಲ್ಡೂನ್ ಬಳಿ ಕೆಲಸ ಕಲಿತದ್ದು, ಆಮೇಲೆ ‘ಥರ್ಡ್ ಮ್ಯಾನ್’ ಎಂಬ ಹೆಸರಿನಲ್ಲಿ ಸ್ವಂತ ಕುಶನ್ ಅಂಗಡಿ ಮಾಡಿದ್ದು, ಹಳದಿ ವ್ಯಾನು, ಕ್ರೇಯಾನ್‌ನಲ್ಲಿ ಬರೆದ ಬಿಲ್ಲು, ಗಿರಾಕಿಗಳ ಸೋಫಾದೊಳಗೆ ಬಚ್ಚಿಟ್ಟ ಕವಿತೆ. 2004ರಲ್ಲಿ ಮುಲ್ಡೂನ್ ಮತ್ತು ಜ್ಯಾಕ್ ಸೇರಿ ನೂರು ಪ್ರತಿ ರೆಕಾರ್ಡ್ ಮಾಡಿಸಿ, ರಿಪೇರಿಗೆ ಬಂದ ಪೀಠೋಪಕರಣಗಳ ಒಳಗಿಟ್ಟು ಹೊಲಿದುಬಿಟ್ಟರು. ಅವುಗಳಲ್ಲಿ ಒಂದೆರಡು ಮಾತ್ರ ಹತ್ತು ವರ್ಷದ ನಂತರ ಸಿಕ್ಕವು, ಉಳಿದವು ಇನ್ನೂ ಯಾರ ಯಾರದೋ ಮನೆಯ ಕುರ್ಚಿಯೊಳಗಿರಬೇಕು. ಭಾವ ಇದನ್ನು ಕೇಳಿ ಬಹಳ ಹೊತ್ತು ಖುಷಿಪಟ್ಟರು. “ಒಳಗಡೆ ಹೊಲಿಗೆ ಯಾರಿಗೂ ಕಾಣಲ್ಲ ಕಣೋ. ಅಲ್ಲೂ ನೆಟ್ಟಗೆ ಹಾಕೋನೇ ಕೆಲಸಗಾರ” ಎಂದರು.

ನಗರದ ನಡುವಿಗೆ ಬಂದರೆ ಕ್ಯಾಸ್ ಅವೆನ್ಯೂ. 1950ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದ ಡೆಟ್ರಾಯಿಟ್ 2000ದ ಹೊತ್ತಿಗೆ ಒಂಬತ್ತೂವರೆ ಲಕ್ಷಕ್ಕೆ ಇಳಿದಿತ್ತು. ಕಾರ್ಖಾನೆಗಳು ಮುಚ್ಚಿ, ಮನೆಗಳು ಖಾಲಿ ಬಿದ್ದು, ಈ ರಸ್ತೆಯ ಆಸುಪಾಸಿನ ಕ್ಯಾಸ್ ಕಾರಿಡಾರ್ ಎಂದರೆ ಜನ ದೂರ ಉಳಿಯುವ ಜಾಗವಾಗಿತ್ತು. ಬಾಡಿಗೆ ಅಗ್ಗ, ಸದ್ದಿಗೆ ತಕರಾರಿಲ್ಲ. ಗೋಲ್ಡ್ ಡಾಲರ್ ಎಂಬ ಪುಟ್ಟ ಬಾರು ಇಲ್ಲೇ ಇತ್ತು. 1997ರ ಆಗಸ್ಟ್‌ನಲ್ಲಿ ಈ ಜೋಡಿ ಮೊದಲ ಬಾರಿಗೆ ಜನರೆದುರು ನುಡಿಸಿದ್ದು ಅಲ್ಲಿ. ಬಾರು 2001ರಲ್ಲಿ ಮುಚ್ಚಿತು. 2019ರ ಬೆಂಕಿಯ ನಂತರ ಕಟ್ಟಡವೂ ಹೋಯಿತು. ನೋಡಲು ಏನೂ ಇಲ್ಲ. ಸ್ವಲ್ಪ ಆಚೆಗೆ ಮೇಸನಿಕ್ ಟೆಂಪಲ್‌ನ ಭಾರಿ ಕಲ್ಲುಕಟ್ಟಡವಿದೆ. ಜ್ಯಾಕ್‌ನ ತಾಯಿ ಒಂದು ಕಾಲಕ್ಕೆ ಅಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸ ಮಾಡಿದ್ದರು. 2013ರಲ್ಲಿ ತೆರಿಗೆ ಬಾಕಿಗಾಗಿ ಅದು ಹರಾಜಿನ ಅಂಚಿಗೆ ಬಂದಾಗ 1,42,000 ಡಾಲರ್ ಕಟ್ಟಿ ಉಳಿಸಿದವನು ಮಗ.

‘ಡಿ ಸ್ಟೈಲ್’ ಹೊರಬಂದಾಗ ಅದನ್ನು ಕೊಂಡವರು ಹೆಚ್ಚಿಲ್ಲ. ಕ್ಯಾಲಿಫೋರ್ನಿಯಾದ ‘ಸಿಂಪಥಿ ಫಾರ್ ದ ರೆಕಾರ್ಡ್ ಇಂಡಸ್ಟ್ರಿ’ ಎಂಬ ಸಣ್ಣ ಕಂಪನಿಯ ಪ್ರಕಟಣೆ ಅದು. ಅದರ ಮೂರು ತಿಂಗಳ ಮೊದಲು, ಮಾರ್ಚ್‌ನಲ್ಲಿ, ಜ್ಯಾಕ್-ಮೆಗ್ ದಾಂಪತ್ಯ ಕಾನೂನುಬದ್ಧವಾಗಿ ಮುಗಿದಿತ್ತು. ಹೊರಗೆ ಅವರು ಅಕ್ಕತಮ್ಮ ಎಂದೇ ಹೇಳಿಕೊಂಡರು. ಕೆಲಕಾಲದ ಮೇಲೆ ಸ್ಥಳೀಯ ಪತ್ರಿಕೆ ಮದುವೆ ಮತ್ತು ವಿಚ್ಛೇದನದ ದಾಖಲೆ ಎರಡನ್ನೂ ಅಚ್ಚು ಹಾಕಿತು. ಈ ಸಂಗತಿಗೆ ಸಿಕ್ಕಿದಷ್ಟು ಗಮನ ಹಾಡಿಗೂ ಸಿಕ್ಕಿದ್ದರೆ ಎಂದು ಇವತ್ತಿಗೂ ನನಗೆ ಬೇಸರ. ಅವರು ಸ್ಲೀಟರ್-ಕಿನ್ನಿ ಬ್ಯಾಂಡಿನ ಕಾರ್ಯಕ್ರಮಗಳಲ್ಲಿ ಮೊದಲು ನುಡಿಸುವ ತಂಡವಾಗಿ ಊರೂರು ತಿರುಗಿದರು. ವಿಮರ್ಶಕರು ಮೆಚ್ಚಿದರು. ಬ್ರಿಟನ್ನಿನ ರೇಡಿಯೊ ನಿರೂಪಕ ಜಾನ್ ಪೀಲ್ ಇವರಿಗೆ ಮನಸೋತದ್ದು ದೊಡ್ಡ ತಿರುವು. 2001ರ ಜುಲೈನಲ್ಲಿ ಅವರ ಬಿಬಿಸಿ ಕಾರ್ಯಕ್ರಮಕ್ಕೆ ನುಡಿಸಿದ ಮೇಲೆ ಇಂಗ್ಲೆಂಡಿನ ಪತ್ರಿಕೆಗಳು ಹಿಂದೆ ಬಿದ್ದವು. ಅದೇ ತಿಂಗಳು ಮೂರನೆಯ ಆಲ್ಬಮ್ ಬಂದು, ಜನ ಹಿಂದಕ್ಕೆ ಹೋಗಿ ಎರಡನೆಯದನ್ನು ಹುಡುಕಿ ಕೇಳಿದರು. ಇದರ ‘ಆಪಲ್ ಬ್ಲಾಸಮ್’ ಹಾಡನ್ನು ಕ್ವೆಂಟಿನ್ ಟ್ಯಾರಂಟಿನೊ 2015ರ ತನ್ನ ‘ದ ಹೇಟ್‌ಫುಲ್ ಏಟ್’ ಚಿತ್ರಕ್ಕೆ ಬಳಸಿಕೊಂಡ.

ಊರಿನ ವಾಯವ್ಯಕ್ಕೆ, ಲಾಸರ್ ರಸ್ತೆಯ ಮೌಂಟ್ ಹೇಜಲ್ ಸ್ಮಶಾನಕ್ಕೆ ಹೋಗಲೇಬೇಕೆಂದು ನಾನು ಹಟ ಹಿಡಿದೆ. ಮಿಸಿಸಿಪ್ಪಿಯ ಬ್ಲೂಸ್ ಗಾಯಕ ಸನ್ ಹೌಸ್ ತನ್ನ ಕೊನೆಯ ವರ್ಷಗಳನ್ನು ಡೆಟ್ರಾಯಿಟ್‌ನಲ್ಲಿ ಕಳೆದು 1988ರಲ್ಲಿ ತೀರಿಕೊಂಡ. ಅವನ ಸಮಾಧಿ ಇಲ್ಲಿದೆ. ಇಲ್ಲಿಯ ಬ್ಲೂಸ್ ಅಭಿಮಾನಿಗಳ ಸಂಘ ಸಹಾಯಾರ್ಥ ಕಛೇರಿಗಳನ್ನು ನಡೆಸಿ, ಹಣ ಕೂಡಿಸಿ ಕಲ್ಲು ನಿಲ್ಲಿಸಿತು. ‘ಡಿ ಸ್ಟೈಲ್’ನ ನಡುಭಾಗದಲ್ಲಿ ಬರುವ ‘ಡೆತ್ ಲೆಟರ್’ ಇವನ ಹಾಡು. ಪ್ರಿಯತಮೆ ತೀರಿಕೊಂಡ ಸುದ್ದಿ ಕಾಗದದಲ್ಲಿ ಬರುವ ಕಥೆ. ಬಿಳಿಯ ಹುಡುಗನೊಬ್ಬ ಇದನ್ನು ಹಾಡುವಾಗ ಎರಡು ಅಪಾಯ: ಅನುಕರಣೆಯಾಗುವುದು, ಇಲ್ಲವೆ ಅಲಂಕಾರವಾಗುವುದು. ಜ್ಯಾಕ್ ಎರಡಕ್ಕೂ ಬೀಳಲಿಲ್ಲ, ಅದಕ್ಕೆ ಮೆಗ್ ಕಾರಣ. ಸ್ಲೈಡ್ ಗಿಟಾರ್ ಎಷ್ಟೇ ಹಾರಾಡಲಿ, ಅವಳ ಪೆಟ್ಟು ನೆಲ ಬಿಡುವುದಿಲ್ಲ. 2004ರ ಗ್ರ್ಯಾಮಿ ವೇದಿಕೆಯ ಮೇಲೆ, ಇಡೀ ಜಗತ್ತು ನೋಡುತ್ತಿದ್ದಾಗ, ತಮ್ಮ ಅತಿ ಜನಪ್ರಿಯ ಹಾಡಿನ ಬೆನ್ನಿಗೇ ಅವರು ಇದನ್ನು ನುಡಿಸಿದರು.

ಮ್ಯಾಕ್‌ಟೆಲ್‌ಗೂ ಆಲ್ಬಮ್ ಋಣ ಸಲ್ಲಿಸುತ್ತದೆ. ಕೊನೆಯ ಹಾಡು ಅವನದೇ. ಅದು ಮುಗಿದ ಮೇಲೆ 1940ರಲ್ಲಿ ಅಟ್ಲಾಂಟಾದ ಹೋಟೆಲ್ ಕೋಣೆಯಲ್ಲಿ ಜಾನ್ ಲೊಮ್ಯಾಕ್ಸ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಅವನೊಡನೆ ಮಾಡಿದ ಸಂದರ್ಶನದ ತುಣುಕು ಕೇಳಿಸುತ್ತದೆ. ಯಾಕೆ ಕಸಿವಿಸಿಯಿಂದಿದ್ದೀಯ ಎಂದು ಲೊಮ್ಯಾಕ್ಸ್ ಕೇಳಿದರೆ, ಹಿಂದಿನ ರಾತ್ರಿಯ ಕಾರು ಅಪಘಾತದ ಮಾತೆತ್ತಿ ಮ್ಯಾಕ್‌ಟೆಲ್ ಜಾರಿಕೊಳ್ಳುತ್ತಾನೆ. ಕೇಳುವವನು ಬಿಳಿಯ, ಉತ್ತರಿಸುವವನು ಕಪ್ಪು, ಕಾಲ 1940. ಆ ಹೊತ್ತಿನ ಬಿಗಿತವನ್ನು ಕತ್ತರಿಸಿ ಎಸೆಯದೆ ಉಳಿಸಿಕೊಂಡದ್ದು ಪ್ರಾಮಾಣಿಕತೆ.

ಮಧ್ಯಾಹ್ನ ವೆಸ್ಟ್ ಕ್ಯಾನ್‌ಫೀಲ್ಡ್ ರಸ್ತೆಯ ಥರ್ಡ್ ಮ್ಯಾನ್ ಮಳಿಗೆಗೆ ಬಂದೆವು. ಕುಶನ್ ಅಂಗಡಿಯ ಹೆಸರೇ ರೆಕಾರ್ಡ್ ಕಂಪನಿಯದೂ ಆಗಿದೆ. ಮಳಿಗೆ 2015ರಲ್ಲಿ ತೆರೆಯಿತು, ಹಿಂಬದಿಯ ಎಲ್‌ಪಿ ಕಾರ್ಖಾನೆ 2017ರಲ್ಲಿ. ಗಾಜಿನ ಈಚೆ ನಿಂತು ಕೆಲಸವನ್ನು ನೋಡಬಹುದು. ಶುರುವಿಗೆ ತಂದ ಎಂಟು ಯಂತ್ರಗಳು ಜರ್ಮನಿಯವು. ಪ್ಲಾಸ್ಟಿಕ್ ಗುಳಿಗೆಗಳು ಬಿಸಿಯಲ್ಲಿ ಕರಗಿ ಕೈಹಿಡಿಯಷ್ಟು ಉಂಡೆಯಾಗುತ್ತವೆ. ಮೇಲೊಂದು ಕೆಳಗೊಂದು ಹಾಡಿನ ಅಚ್ಚು, ನಡುವೆ ಲೇಬಲ್ಲು. ಅಕ್ಕಿರೊಟ್ಟಿ ಒತ್ತುಮಣೆಯಲ್ಲಿ ಹಿಟ್ಟು ಹರಡುವ ಹಾಗೆ ಉಂಡೆ ಒತ್ತಡಕ್ಕೆ ಅಗಲವಾಗಿ, ಗೆರೆಗಳನ್ನು ಮೈಗೆ ಹಿಡಿದುಕೊಂಡು ಈಚೆ ಬರುತ್ತದೆ. ಅಂಚಿನ ಹೆಚ್ಚುವರಿಯನ್ನು ಕತ್ತರಿಸಿದರೆ ರೆಕಾರ್ಡ್ ಸಿದ್ಧ. ಭಾವ ಅಲ್ಲಿಂದ ಕದಲಲೇ ಇಲ್ಲ. ಕಾರ್ಖಾನೆಗಳು ಮುಚ್ಚಿದ ಊರೆಂದೇ ಜಗತ್ತು ಮಾತಾಡುವ ಡೆಟ್ರಾಯಿಟ್‌ನಲ್ಲಿ ಹೊಸ ಕಾರ್ಖಾನೆಯೊಂದನ್ನು, ಅದೂ ಹಾಡಿಗಾಗಿ, ತೆರೆದದ್ದು ನನಗೆ ಬಹಳ ದೊಡ್ಡ ಸಂಗತಿ. ‘ಡಿ ಸ್ಟೈಲ್’ಗೆ ಇಪ್ಪತ್ತು ತುಂಬಿದ 2020ರಲ್ಲಿ ಅದರ ಕಾಲದ ಮನೆಮುದ್ರಣಗಳನ್ನೂ ಸೇರಿಸಿ ವಿಶೇಷ ಆವೃತ್ತಿ ತಂದದ್ದು ಇದೇ ಕಂಪನಿ.

ವಾಪಸು ಹೋಗುವಾಗ ಕಾರಿನಲ್ಲಿ ಇಡೀ ಆಲ್ಬಮ್ ಹಾಕಿದೆ. ಭಾವ ಮೊದಲ ಸಲ ಕೇಳುತ್ತಿದ್ದರು. ನಾಲ್ಕೈದು ಹಾಡಾದ ಮೇಲೆ ಕೇಳಿದರು: “ಬಾಸ್ ಇಲ್ಲ ಅಂದೆಯಲ್ಲ. ಆದ್ರೂ ಖಾಲಿ ಅನ್ನಿಸ್ತಿಲ್ಲ, ಯಾಕೆ?”

ಮೆಗ್‌ಗೆ ಡ್ರಮ್ಸ್ ಬಾರದು ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದವರು ಈ ಪ್ರಶ್ನೆಗೆ ಉತ್ತರ ಕೊಡಬೇಕು. ‘ಹಲೋ ಆಪರೇಟರ್’ ಹಾಡಿನ ಮಧ್ಯೆ ಎಲ್ಲ ನಿಂತು ಡ್ರಮ್ಮಿನ ಅಂಚಿಗೆ ಕಡ್ಡಿ ತಾಗುವ ಸದ್ದು ಮಾತ್ರ ಉಳಿಯುತ್ತದೆ. ಚಾತುರ್ಯ ತೋರಿಸುವ ಡ್ರಮ್ಮರ್ ಆ ಜಾಗ ಸಿಕ್ಕರೆ ಬಿಡುತ್ತಿರಲಿಲ್ಲ. ಮೆಗ್ ಟಕ್ ಟಕ್ ಎಂದು ಬೇಕಾದಷ್ಟನ್ನೇ ತಟ್ಟಿ ಗಿಟಾರಿಗೆ ದಾರಿ ಬಿಡುತ್ತಾಳೆ. ಮಾತು ಕಡಿಮೆಯ ಹೆಣ್ಣೊಬ್ಬಳ ಪರ ನಿಂತು ಲೋಕವನ್ನು ಪ್ರಶ್ನಿಸುವ ‘ಟ್ರೂತ್ ಡಸಂಟ್ ಮೇಕ್ ಎ ನಾಯ್ಸ್’ ಹಾಡಿನಲ್ಲೂ ಅಷ್ಟೇ, ಅವಳ ನಿಧಾನದ ಪೆಟ್ಟಿಲ್ಲದಿದ್ದರೆ ಆ ಹಾಡು ಬರೀ ದೂರಾಗುತ್ತಿತ್ತು. ಜ್ಯಾಕ್ ತನ್ನ ಅಚ್ಚುಮೆಚ್ಚಿನದೆಂದು ಹೇಳಿಕೊಂಡ ಸನ್ ಹೌಸ್‌ನ ಇನ್ನೊಂದು ಹಾಡಿನಲ್ಲಿ ವಾದ್ಯವೇ ಇಲ್ಲ, ಕಂಠ ಮತ್ತು ಚಪ್ಪಾಳೆ ಅಷ್ಟೇ. ಆ ಚಪ್ಪಾಳೆಯ ಕೆಲಸವನ್ನು ಈ ಜೋಡಿಯಲ್ಲಿ ಮೆಗ್ ಮಾಡಿದಳು. 2011ರಲ್ಲಿ ಬ್ಯಾಂಡ್ ನಿಂತಿತು, 2025ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಇಬ್ಬರ ಹೆಸರೂ ಸೇರಿತು.

ಭಾವನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. “ಡ್ರಮ್ಸ್ ಮಾತ್ರ ಗಮನಿಸಿ ಇನ್ನೊಂದು ಸಲ ಕೇಳಿ ಭಾವ” ಎಂದು ಮೊದಲ ಹಾಡಿಗೆ ವಾಪಸು ಹಾಕಿದೆ. ನಿಮಗೂ ಅದನ್ನೇ ಹೇಳುತ್ತೇನೆ.