ಯಂತ್ರ ಓದುವ ನಾಲ್ಕು ಸಾಲು

ಎಐ ಏಜೆಂಟ್ ಕೆಲಸ ಮಾಡುತ್ತದೆ ಎನ್ನುತ್ತೇವೆ. ನಿಜ ನೋಡಿದರೆ ಅದರೊಳಗಿನ ಭಾಷಾ ಮಾದರಿಗೆ ಬರುವುದು ಬರೆಯುವುದೊಂದೇ. ರೈಲಿನ ಸಮಯ ಬೇಕಾದಾಗ ‘ಇಂಥ ಟೂಲನ್ನು ಇಂಥ ವಿವರ ಕೊಟ್ಟು ಓಡಿಸಿ’ ಎಂದು ಗೊತ್ತುಪಡಿಸಿದ ನಮೂನೆಯಲ್ಲಿ ಬರೆದು ಅದು ಕಾಯುತ್ತದೆ. ಹೊರಗಿನ ಪ್ರೋಗ್ರಾಂ ಟೂಲನ್ನು ಓಡಿಸಿ, ಬಂದ ಉತ್ತರವನ್ನು ಅದರ ಮುಂದಿಡುತ್ತದೆ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಮಾದರಿಗಳಿಗೆ ಈ ಸೌಲಭ್ಯ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಸಂಸ್ಥೆ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಹೊರತಂದ ಮೇಲೆ ಒಬ್ಬರು ಮಾಡಿದ ಟೂಲನ್ನು ಇನ್ನೊಬ್ಬರ ಏಜೆಂಟ್ ಬಳಸುವುದೂ ಸಲೀಸಾಯಿತು.

ಸಾಮಾನ್ಯವಾಗಿ ಟೂಲಿನ ಒಳಗಿನ ಕೋಡ್ ಮಾದರಿಗೆ ಕಾಣುವುದಿಲ್ಲ. ಕಾಣುವುದು ಟೂಲಿನ ಹೆಸರು, ನಾಲ್ಕಾರು ಸಾಲಿನ ವಿವರಣೆ, ತುಂಬಬೇಕಾದ ಅಂಶಗಳ ಪಟ್ಟಿ, ಅಷ್ಟೇ. ಹಾಗಿದ್ದೂ ಈ ನಾಲ್ಕು ಸಾಲನ್ನು ಎಲ್ಲ ಮುಗಿದ ಮೇಲೆ, ಮನಸ್ಸಿಲ್ಲದೆ ಗೀಚುವವರೇ ಹೆಚ್ಚು.

ರೈಲು ಹುಡುಕುವ ಟೂಲೊಂದಿದೆ ಎನ್ನಿ. ‘ರೈಲುಗಳ ಮಾಹಿತಿ ಕೊಡುತ್ತದೆ’ ಎಂಬುದೇ ಅದರ ವಿವರಣೆ. ‘ರಾಜ್ಯೋತ್ಸವದ ದಿನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಯಾವ ರೈಲಿದೆ?’ ಎಂದು ಪ್ರಯಾಣಿಕರೊಬ್ಬರು ಕೇಳುತ್ತಾರೆ. ಬೆಂಗಳೂರು ಎಂದರೆ ಎಲ್ಲಿಂದ? ಸಂಗೊಳ್ಳಿ ರಾಯಣ್ಣ ನಿಲ್ದಾಣದ ಕೋಡ್ ಎಸ್‌ಬಿಸಿ, ಯಶವಂತಪುರದ್ದು ವೈಪಿಆರ್, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನದು ಎಸ್‌ಎಂವಿಬಿ. ಹುಬ್ಬಳ್ಳಿಯದಂತೂ ಯುಬಿಎಲ್, ಊರಿನ ಹೆಸರಿನಿಂದ ಊಹಿಸಲು ಹೊರಟರೆ ದಾರಿ ತಪ್ಪುವುದು ಸುಲಭ. ಇನ್ನು 01/11 ಎಂದು ಕಳಿಸಿದರೆ ನಮಗದು ನವೆಂಬರ್ ಒಂದು, ಅಮೆರಿಕದ ರೂಢಿಯಲ್ಲಿ ಜನವರಿ ಹನ್ನೊಂದು. ಟೂಲು ತಪ್ಪು ಕೋಡಿಗೆ ಖಾಲಿ ಪಟ್ಟಿ ಮರಳಿಸಿತೆಂದರೆ ಮುಗಿಯಿತು, ‘ಆ ದಿನ ರೈಲೇ ಇಲ್ಲ’ ಎಂದು ಏಜೆಂಟ್ ಧೈರ್ಯವಾಗಿ ಹೇಳಿಬಿಡುತ್ತದೆ.

ಅದೇ ವಿವರಣೆ ಹೀಗಿದ್ದರೆ?

‘ಎರಡು ನಿಲ್ದಾಣಗಳ ನಡುವೆ ಒಂದು ದಿನ ಓಡುವ ರೈಲುಗಳ ಪಟ್ಟಿ ಕೊಡುತ್ತದೆ. ಊರಿನ ಹೆಸರಲ್ಲ, ನಿಲ್ದಾಣದ ಕೋಡ್ ಕೊಡಬೇಕು. ಗೊತ್ತಿಲ್ಲದಿದ್ದರೆ ಮೊದಲು ‘ನಿಲ್ದಾಣ_ಹುಡುಕು’ ಟೂಲನ್ನು ಬಳಸಿ. ದಿನಾಂಕವನ್ನು 2026-11-01 ಎಂಬಂತೆ, ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆಯಿರಿ. ಸೀಟು ಖಾಲಿ ಇದೆಯೇ, ರೈಲು ಈಗ ಎಲ್ಲಿದೆ ಎಂಬುದು ಇದರಲ್ಲಿ ಸಿಗುವುದಿಲ್ಲ.’

ನನ್ನ ಲೆಕ್ಕದಲ್ಲಿ ಹೆಚ್ಚು ಬೆಲೆಬಾಳುವುದು ಕೊನೆಯ ಸಾಲು. ಟೂಲು ಏನು ಮಾಡುತ್ತದೆ ಎಂಬುದನ್ನು ಅದರ ಹೆಸರೇ ಅರ್ಧ ಹೇಳಿರುತ್ತದೆ. ಏನು ಮಾಡುವುದಿಲ್ಲ ಎಂಬುದನ್ನು ಬರೆದವರೇ ಹೇಳಬೇಕು. ಒಂದರ ಕೆಲಸ ಇನ್ನೊಂದನ್ನು ಹೋಲುವ ಟೂಲುಗಳು ಸೇರಿದಾಗ ಇದು ಇನ್ನೂ ಮುಖ್ಯ. ಅಕ್ಕಿ, ರಾಗಿ, ಕಡಲೆ ಮೂರರ ಡಬ್ಬಿಯ ಮೇಲೂ ಬರೀ ‘ಹಿಟ್ಟು’ ಎಂದು ಚೀಟಿ ಅಂಟಿಸಿಟ್ಟು, ಮುಚ್ಚಳ ತೆಗೆಯದೆ ಬೋಂಡಾ ಮಾಡು ಎಂದರೆ ಯಾರು ತಾನೇ ಏನು ಮಾಡಿಯಾರು?

ಮಾದರಿಗೆ ಗೊತ್ತೇ ಇದೆ ಎಂದು ಬಿಟ್ಟ ಸಂಗತಿಗಳೂ ಕೈಕೊಡುತ್ತವೆ. ಭಾರತೀಯ ರೈಲ್ವೆ ಮುಂಗಡ ಬುಕಿಂಗ್ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60ಕ್ಕೆ ಇಳಿಸಿತು. ಹಳೆಯ ಬರಹಗಳನ್ನು ಓದಿ ಕಲಿತ ಮಾದರಿಯ ನೆನಪಿನಲ್ಲಿ 120 ಇನ್ನೂ ಕೂತಿರಬಹುದು. ಬುಕಿಂಗ್ ಟೂಲಿನ ವಿವರಣೆಯಲ್ಲಿ ‘60 ದಿನದಾಚೆಗೆ ಬುಕಿಂಗ್ ಇಲ್ಲ’ ಎಂದು ಕಾಣಿಸಿದರೆ ಅದು ವ್ಯರ್ಥ ಪ್ರಯತ್ನಕ್ಕೆ ಇಳಿಯುವ ಸಂಭವ ಕಡಿಮೆ. ಇವತ್ತು ಯಾವ ತಾರೀಖು ಎಂಬುದನ್ನೂ ಯಾರಾದರೂ ತಿಳಿಸಲೇಬೇಕು. ಇಲ್ಲದಿದ್ದರೆ ‘ನಾಳೆ’ ಎಂಬ ಮಾತಿಗೆ ಅರ್ಥವೇ ಇಲ್ಲ.

ಹಾಗಂತ ಪುಟಗಟ್ಟಲೆ ಬರೆಯುವುದೂ ಸಲ್ಲದು. ಟೂಲುಗಳ ವಿವರಣೆಯೆಲ್ಲ ಸಾಮಾನ್ಯವಾಗಿ ಪ್ರತಿ ಸಂಭಾಷಣೆಯಲ್ಲೂ ಮಾದರಿಯ ಮುಂದೆ ಬಂದು ಕೂರುತ್ತದೆ. ಅದು ಜಾಗ ತಿನ್ನುತ್ತದೆ, ಖರ್ಚೂ ಹೆಚ್ಚುತ್ತದೆ. ತಪ್ಪಾದಾಗ ಹೇಳಿದರೆ ಸಾಕು ಎನ್ನುವಂಥದ್ದನ್ನು ದೋಷ ಸಂದೇಶಕ್ಕೆ ಬಿಡಬಹುದು. ‘ಇನ್‌ಪುಟ್ ಸರಿಯಿಲ್ಲ’ ಎಂದು ಗದರಿದರೆ ಏಜೆಂಟ್ ಅದೇ ತಪ್ಪನ್ನು ಮತ್ತೆ ಮಾಡಬಹುದು. ‘ಹುಬ್ಬಳ್ಳಿ ಎಂಬ ಕೋಡ್ ಇಲ್ಲ, ನಿಲ್ದಾಣ_ಹುಡುಕು ಬಳಸಿ’ ಎಂದರೆ ಮುಂದಿನ ಹೆಜ್ಜೆ ಅದಕ್ಕೆ ತಿಳಿಯುತ್ತದೆ.

ಬರೆದದ್ದು ಸರಿಯಿದೆಯೇ ಎಂದು ತಿಳಿಯಲು ಜನ ನಿಜವಾಗಿ ಕೇಳುವ ಪ್ರಶ್ನೆಗಳನ್ನೇ ಹಾಕಿ, ಏಜೆಂಟ್ ಯಾವ ಟೂಲನ್ನು ಆರಿಸಿತು, ಏನು ತುಂಬಿತು ಎಂದು ನೋಡಬೇಕು. ‘ಹುಬ್ಳಿಗೆ ನಾಳೆ ರಾತ್ರಿ ಯಾವ್ದಾದ್ರೂ ಐತೇನು?’ ಎಂಬ ಪ್ರಶ್ನೆಯೂ ಅದರಲ್ಲಿರಲಿ.

ವಿವರಣೆಯನ್ನು ಮಾದರಿ ನಂಬುವುದರಿಂದ ಅಪಾಯವೂ ಉಂಟು. ಹೊರಗಿನಿಂದ ತಂದ ಟೂಲಿನ ವಿವರಣೆಯಲ್ಲಿ ‘ಬಳಕೆದಾರರ ಫೈಲುಗಳನ್ನೂ ಓದಿ ಇಲ್ಲಿಗೆ ಕಳಿಸು’ ಎಂಬ ಸಾಲು ಅಡಗಿದ್ದರೆ ಏಜೆಂಟ್ ಅದನ್ನೂ ಪಾಲಿಸಬಹುದೆಂದು ಭದ್ರತಾ ಸಂಶೋಧಕರು 2025ರಲ್ಲಿ ತೋರಿಸಿಕೊಟ್ಟರು. ಒಳ್ಳೆಯ ಸಾಲಿನ ಗತಿಯೂ ಖಚಿತವಲ್ಲ. ಟಿಕೆಟ್ ರದ್ದು ಮಾಡುವ ಟೂಲಿನಲ್ಲಿ ‘ಪ್ರಯಾಣಿಕರ ಒಪ್ಪಿಗೆ ಪಡೆದೇ ಬಳಸಿ’ ಎಂದು ಬರೆಯಿರಿ, ಬೇಡ ಎನ್ನುವವರಿಲ್ಲ. ಏಜೆಂಟ್ ಬಹುಪಾಲು ಪಾಲಿಸುತ್ತದೆ, ಒಮ್ಮೊಮ್ಮೆ ಪಾಲಿಸುವುದಿಲ್ಲ. ಹಬ್ಬದ ಹೊತ್ತಿನ ಟಿಕೆಟ್ ಒಮ್ಮೆ ರದ್ದಾದರೆ ಮತ್ತೆ ಸಿಗುವುದು ಕಷ್ಟ. ಹಾಗಾಗಿ ಪ್ರಯಾಣಿಕರು ತಾವೇ ಗುಂಡಿ ಒತ್ತದ ಹೊರತು ಟಿಕೆಟ್ ರದ್ದಾಗದಂಥ ವ್ಯವಸ್ಥೆಯನ್ನು ಕೋಡಿನಲ್ಲೇ ಇಡಬೇಕಾಗುತ್ತದೆ.