ತಾನೇ ಬರೆದು ತಾನೇ ಅಚ್ಚು ಹಾಕಿಸಿದವನ ಮಾತು

ಕಳೆದ ಮಾಘಮಾಸದ ಒಂದು ರವಿವಾರ ಸಂಜೆ ಕುಮಟೆಯಲ್ಲಿ ಚಿಕ್ಕದೊಂದು ಸಾಹಿತ್ಯಗೋಷ್ಠಿ ನಡೆಯಿತು. ಮೂವರು ಗ್ರಂಥಕರ್ತರು ತಂತಮ್ಮ ಹೊಸ ಪುಸ್ತಕಗಳ ಕುರಿತು ಮಾತನಾಡುವವರಿದ್ದರು. ಮೂವರೂ ಪ್ರಕಾಶಕರ ಆಶ್ರಯವಿಲ್ಲದೆ, ಸ್ವಂತ ಗಂಟು ಬಿಚ್ಚಿ ಪುಸ್ತಕ ಅಚ್ಚು ಹಾಕಿಸಿದವರು. ನಾನೂ ಅದೇ ಪಂಕ್ತಿಗೆ ಸೇರಿದವನಾದುದರಿಂದ ಕುತೂಹಲದಿಂದ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ.

ಮೊದಲನೆಯವರು ಕವಿಗಳು. ಕವಿತೆ ತಮಗೆ ಮಿಂಚಿನಂತೆ ಹೊಳೆಯುತ್ತದೆಂದೂ, ತಾವು ಕೇವಲ ಲೇಖಣಿ ಹಿಡಿದವರೆಂದೂ ಅವರು ಹೇಳಿದರು. ಎರಡನೆಯವರು ತಮ್ಮ ಊರಿನ ಇತಿಹಾಸವನ್ನು ಬರೆದವರು. ಕಾಗದದ ಬೆಲೆ, ಅಚ್ಚಿನ ಖರ್ಚು, ಉಳಿದ ಪ್ರತಿಗಳ ಲೆಕ್ಕವನ್ನೇ ಹೆಚ್ಚಾಗಿ ಒಪ್ಪಿಸಿದರು. ಮೂರನೆಯವರು ಕಥೆಗಳನ್ನು ಬರೆದ ಒಬ್ಬ ತರುಣ ಶಿಕ್ಷಕಿ. ಸಂಕೋಚದಿಂದ ನಾಲ್ಕೇ ಮಾತನಾಡಿದರು. ಅನಂತರ ಪ್ರಶ್ನೆಗಳಿಗೆ ಅವಕಾಶವಾಯಿತು. ಕಾಲೇಜು ವಿದ್ಯಾರ್ಥಿಯೊಬ್ಬ ಎದ್ದುನಿಂತು ಕೇಳಿದ: “ನಿಮ್ಮ ಪುಸ್ತಕದಲ್ಲಿ ಇರುವುದನ್ನು ನಾವು ಓದಿಕೊಳ್ಳುತ್ತೇವೆ. ಬರೆದು ತೆಗೆದುಹಾಕಿದ್ದು ಏನು, ಅದನ್ನು ಹೇಳಿ.”

ವೇದಿಕೆ ಮೌನವಾಯಿತು. ಆ ಮೌನ ನನ್ನನ್ನು ಮನೆಯವರೆಗೂ ಹಿಂಬಾಲಿಸಿ ಬಂದಿತು.

ಸ್ವಂತ ಖರ್ಚಿನಲ್ಲಿ ಪುಸ್ತಕ ಹೊರತರುವುದು ಕೀಳು ಕೆಲಸವೆಂಬ ಭಾವನೆ ಕೆಲವರಲ್ಲಿದೆ. ಕನ್ನಡದ ಮಟ್ಟಿಗೆ ಇದಕ್ಕಿಂತ ತಪ್ಪು ತಿಳುವಳಿಕೆ ಬೇರೊಂದಿಲ್ಲ. ಗಳಗನಾಥರು (೧೮೬೯–೧೯೪೨) ಕಾದಂಬರಿಗಳನ್ನು ಬರೆದು, ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಮಾಸ್ತಿಯವರ ಎಷ್ಟೋ ಕೃತಿಗಳು ಅವರದೇ ಜೀವನ ಕಾರ್ಯಾಲಯದಿಂದ ಬಂದವು. ಕುವೆಂಪು ಅವರ ಮನೆಯ ಹೆಸರಾದ ‘ಉದಯರವಿ’ಯೇ ಅವರ ಪುಸ್ತಕಗಳ ಪ್ರಕಾಶನದ ಹೆಸರೂ ಆಯಿತು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಪುಸ್ತಕಗಳಿಗೆ ಚಿತ್ರಗಳನ್ನು ಸಹ ಬರೆದರು. ನಮ್ಮ ಜಿಲ್ಲೆಗೇ ಬಂದರೆ, ದಿನಕರ ದೇಸಾಯಿಯವರಿಗೆ ‘ಜನಸೇವಕ’ವೆಂಬ ಸ್ವಂತ ವಾರಪತ್ರಿಕೆಯಿತ್ತು, ಅಂಕೋಲೆಯ ಅಂಬಾರಕೊಡ್ಲದಲ್ಲಿ ಕವಿ ವಿಷ್ಣು ನಾಯ್ಕರು ರಾಘವೇಂದ್ರ ಪ್ರಕಾಶನವನ್ನು ಕಟ್ಟಿ, ತಮ್ಮ ಕೃತಿಗಳ ಜೊತೆಗೆ ಇತರರ ಕೃತಿಗಳನ್ನೂ ಬೆಳಕಿಗೆ ತಂದರು.

ಹಾಗಾದರೆ ಆ ಹಿರಿಯರಿಗೂ ಇಂದಿನ ನಮಗೂ ಇರುವ ಅಂತರವೇನು? ಪ್ರತಿಭೆಯ ಮಾತು ಹಾಗಿರಲಿ. ಅವರಿಗೆ ಬೇಡವೆನ್ನುವವರು ಇದ್ದರು, ನಮಗೆ ಇಲ್ಲ. ಹೊರೆ ಹೊತ್ತು ಮನೆಬಾಗಿಲಿಗೆ ಹೋದ ಗ್ರಂಥಕರ್ತನಿಗೆ ಓದುಗನ ಮುಖವೇ ವಿಮರ್ಶೆ. ಒಂದೊಂದು ಮೊಳೆಯನ್ನೂ ಕೈಯಿಂದ ಹೆಕ್ಕಿ ಜೋಡಿಸುತ್ತಿದ್ದ ಕಾಲದಲ್ಲಿ, ಕರಡಿನಲ್ಲಿ ಒಂದು ವಾಕ್ಯ ಸೇರಿಸಬೇಕಾದರೆ ಪುಟವನ್ನೇ ಬಿಚ್ಚಿ ಕಟ್ಟಬೇಕಾಗುತ್ತಿತ್ತು. ಮಾತು ಕಡಿಮೆ ಮಾಡಲು ಅದಕ್ಕಿಂತ ಒಳ್ಳೆಯ ಗುರು ಯಾರು? ಇಂದು ಗಣಕಯಂತ್ರ ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತದೆ. ಐವತ್ತೇ ಪ್ರತಿ ಬೇಕೆಂದರೂ ಅಚ್ಚಾಗಿ ಬರುತ್ತದೆ. ಹಣ ಕೊಟ್ಟವನ ಬರವಣಿಗೆಯನ್ನು ಮುದ್ರಕ ಏಕೆ ತಿದ್ದಿಯಾನು? ಬಿಡುಗಡೆಯ ದಿನ ಹಾರ, ಹೊಗಳಿಕೆ; ಮರುದಿನ ಉಚಿತ ಪ್ರತಿಗಳ ಹಂಚಿಕೆ. ಹೀಗೆ, ಯಾರೂ ಒಮ್ಮೆಯೂ ‘ಇದು ಸರಿಯಿಲ್ಲ’ ಎನ್ನದ ಪುಸ್ತಕವೊಂದು ಲೋಕಕ್ಕೆ ಬರುತ್ತದೆ.

ನನ್ನ ಪುಸ್ತಕವೂ ಹಾಗೆಯೇ ಬಂದಿತು. ಶಾಲೆಯಿಂದ ನಿವೃತ್ತನಾದ ವರ್ಷ ಹನ್ನೊಂದು ಕಥೆಗಳನ್ನು ಸೇರಿಸಿ ಐನೂರು ಪ್ರತಿ ಅಚ್ಚು ಹಾಕಿಸಿದೆ. ಅದರಲ್ಲಿ ಎಲ್ಲರೂ ಮೆಚ್ಚಿದ ಕಥೆಯೊಂದಿತ್ತು. ಗಂಡನ ಮನೆಯ ಕಷ್ಟ ತಾಳಲಾರದ ಹೆಣ್ಣುಮಗಳು ಹುಣ್ಣಿಮೆಯ ಸಂಜೆ ತವರಿಗೆ ಹೊರಟು ಅಘನಾಶಿನಿಯ ತಾರಿಯ ಬಳಿಗೆ ಬರುತ್ತಾಳೆ. ಚಂದ್ರ ಮೂಡುತ್ತಾನೆ. ಹೊಳೆ ಭರತಿಯಿಂದ ಉಕ್ಕುತ್ತಿರುತ್ತದೆ. ಅಂಬಿಗ ದೋಣಿ ಬಿಡಲೊಲ್ಲ. ಅವಳು ಬಂದ ದಾರಿಯಲ್ಲೇ ಮರಳುತ್ತಾಳೆ. ಉಕ್ಕುವ ನೀರನ್ನು ವಿಧಿಯ ಸಂಕೇತವೆಂದು ಭಾಷಣಕಾರರು ವಿವರಿಸಿದರು. ನಾನು ವಿನಯದಿಂದ ತಲೆ ತಗ್ಗಿಸಿ ಕೇಳಿ ಒಳಗೊಳಗೇ ಹಿಗ್ಗಿದೆ.

ಕೆಲವು ತಿಂಗಳ ಬಳಿಕ ಅದೇ ಹೊಳೆಯನ್ನು ದಾಟುತ್ತಿದ್ದೆ. ದೋಣಿ ನಡೆಸುತ್ತಿದ್ದ ವೃದ್ಧರ ಮೊಮ್ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದವಳು. ಆ ಕಥೆಯನ್ನು ಅಜ್ಜನಿಗೆ ಓದಿ ಹೇಳಿದ್ದಳಂತೆ. ಹೊಳೆಯ ನಡುವೆ ಜಲ್ಲೆ ನಿಲ್ಲಿಸಿ ಅವರು ಕೇಳಿದರು: “ಮಾಸ್ತರೆ, ಹುಣ್ಣಿಮೆ ದಿವ್ಸ ಚಂದ್ರ ಮೂಡೂ ಹೊತ್ತಿಗೆ ಭರತಿ ಎಲ್ಲಿಂದ ಬಂತು? ಆವಾಗ ಇಳತ. ಭರತಿ ತುಂಬೂದು ನಡೂ ರಾತ್ರಿಗೆ. ನಿಮ್ಮ ಹುಡ್ಗಿ ಬಂದ ಹೊತ್ತಿಗೆ ದೋಣಿ ಕೆಸರಲ್ಲಿ ಕೂತಿರ್ತದೆ.”

ನನಗೆ ಮೈಮೇಲೆ ತಣ್ಣೀರು ಸುರಿದಂತಾಯಿತು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಭರತಿ ದೊಡ್ಡದೆಂಬುದು ನನಗೆ ಗೊತ್ತಿತ್ತು. ನಮ್ಮ ಕರಾವಳಿಯಲ್ಲಿ ಆ ದಿನಗಳಲ್ಲಿ ಅದು ತುಂಬುವುದು ನಡುಹಗಲು ನಡುರಾತ್ರಿಗಳ ಸುಮಾರಿಗೆ, ಸಂಜೆಯ ಹೊತ್ತಿಗೆ ನೀರು ತಳ ಸೇರಿರುತ್ತದೆ ಎಂಬುದನ್ನು ಹೊಳೆಯ ದಂಡೆಯಲ್ಲಿ ಅರುವತ್ತು ವರ್ಷ ಕಳೆದೂ ನಾನು ಗಮನಿಸಿರಲಿಲ್ಲ. ಚಂದ್ರನನ್ನೂ ಉಕ್ಕುವ ನೀರನ್ನೂ ಒಟ್ಟಿಗೆ ನಾನು ಕಂಡದ್ದು ಹೊಳೆಯಲ್ಲಲ್ಲ, ಪುಸ್ತಕಗಳಲ್ಲಿ.

ಸಮಯವನ್ನು ಮಧ್ಯರಾತ್ರಿಗೆ ಬದಲಿಸಿ ತಪ್ಪನ್ನು ಮುಚ್ಚಬಹುದಾಗಿತ್ತು. ಕುಳಿತು ಯೋಚಿಸಿದಂತೆ ತಪ್ಪು ಅಷ್ಟೇ ಅಲ್ಲವೆಂದು ತಿಳಿಯಿತು. ಹೊಳೆ ತಡೆಯಿತೆಂದು ಮರಳಿದವಳು ನನ್ನ ಮೊದಲ ನಾಯಿಕೆ. ಅವಳ ಕಷ್ಟವನ್ನು ಕೊನೆಯವರೆಗೆ ನೋಡುವ ಧೈರ್ಯ ನನಗಿರಲಿಲ್ಲ; ಆದ್ದರಿಂದ ಹೊಳೆಯನ್ನು ಕರೆತಂದು ಅಡ್ಡ ಹಾಕಿದ್ದೆ. ನಿಜವಾದ ಇಳಿತದಲ್ಲಿ ಹೊಳೆ ಯಾರನ್ನೂ ತಡೆಯುವುದಿಲ್ಲ. ಮೊಣಕಾಲುದ್ದದ ಕೆಸರು, ಅದರಾಚೆ ದೋಣಿ. ಇಳಿಯಬೇಕೋ ಬೇಡವೋ ಎಂಬುದನ್ನು ಅವಳೇ ನಿಶ್ಚಯಿಸಬೇಕು. ಆ ಕಥೆಯನ್ನು ಮತ್ತೆ ಬರೆಯಲು ನನಗೆ ಎಂಟು ತಿಂಗಳು ಹಿಡಿಯಿತು. ಅವಳು ಇಳಿದಳೋ ಇಲ್ಲವೋ ಎಂಬುದು ಎರಡನೆಯ ಮುದ್ರಣವನ್ನು ಓದಿದವರಿಗೆ ಗೊತ್ತು. ಅವರ ಸಂಖ್ಯೆ ದೊಡ್ಡದಲ್ಲ.

ಇಲ್ಲಿ ನನಗೆ ನೆನಪಾಗುವವರು ಯಶವಂತ ಚಿತ್ತಾಲರು. ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ ೧೯೨೮ರಲ್ಲಿ ಹುಟ್ಟಿದ ಅವರು ರಸಾಯನಶಾಸ್ತ್ರದ ಉದ್ಯೋಗದಲ್ಲಿ ಮುಂಬಯಿ ಸೇರಿ, ೨೦೧೪ರಲ್ಲಿ ಅಲ್ಲಿಯೇ ತೀರಿಕೊಂಡರು. ‘ಮೂರು ದಾರಿಗಳು’ (೧೯೬೪) ಕಾದಂಬರಿಯನ್ನೂ ಎಷ್ಟೋ ಕಥೆಗಳನ್ನೂ ಓದುವಾಗ, ಊರು ಬಿಟ್ಟವರೊಬ್ಬರು ಊರನ್ನು ಇಷ್ಟು ನಿಚ್ಚಳವಾಗಿ ಕಂಡರಲ್ಲ, ಊರಲ್ಲೇ ಇದ್ದ ನನಗೆ ಹೊಳೆಯ ಇಳಿತ ಕಾಣಲಿಲ್ಲವಲ್ಲ ಎನಿಸುತ್ತದೆ. ತಮ್ಮ ಬರವಣಿಗೆಯ ಹುಟ್ಟನ್ನು ಕುರಿತು ಅವರಷ್ಟು ನಿಷ್ಠೆಯಿಂದ ವಿಚಾರ ಮಾಡಿದವರು ನಮ್ಮಲ್ಲಿ ವಿರಳ. ಮೊದಲೇ ಗೊತ್ತಿದ್ದ ಸತ್ಯಕ್ಕೆ ಕಥೆಯ ಅಂಗಿ ತೊಡಿಸುವುದು ಅವರ ದಾರಿಯಾಗಿರಲಿಲ್ಲ. ಬರೆಯುವುದೇ ಅವರಿಗೆ ಶೋಧನೆ. ಆ ವಿಚಾರಗಳ ಸಂಗ್ರಹಕ್ಕೆ ಅವರಿಟ್ಟ ಹೆಸರು ‘ಸಾಹಿತ್ಯ, ಸೃಜನಶೀಲತೆ ಮತ್ತು ನಾನು’. ಅದರಲ್ಲಿ ‘ನಾನು’ ಕೊನೆಗೆ ಬರುತ್ತದೆ ಎಂಬುದನ್ನು ಗಮನಿಸಬೇಕು. ನಮ್ಮ ಗೋಷ್ಠಿಗಳಲ್ಲಿ ಅದು ಮೊದಲು ಬರುತ್ತದೆ. ಎಷ್ಟೋ ವೇಳೆ ಉಳಿದೆರಡು ಬರುವುದೇ ಇಲ್ಲ.

ಗ್ರಂಥಕರ್ತನು ತನ್ನ ಪುಸ್ತಕದ ಕುರಿತು ಮಾತನಾಡಬಾರದೆಂದು ನಾನು ಹೇಳುವುದಿಲ್ಲ. ತಾಳಮದ್ದಲೆಯಲ್ಲಿ ಅರ್ಥ ಹೇಳುವವನು ನಡುವೆ ನಿಲ್ಲಿಸಿ ತನ್ನ ಅರ್ಥವನ್ನೇ ಹೊಗಳಿಕೊಂಡರೆ ನಮ್ಮ ಜನ ನಗುತ್ತಾರೆ. ಎದುರು ಪಾತ್ರದವನು ಕೇಳಿದ ಪ್ರಶ್ನೆಗೆ ತಡವರಿಸಿ ಉತ್ತರ ಹುಡುಕಿದರೆ ಕಿವಿಗೊಟ್ಟು ಕೇಳುತ್ತಾರೆ. ಸ್ವತಂತ್ರ ಗ್ರಂಥಕರ್ತನಿಗೆ ಬೇಕಾದದ್ದು ಅಂಥ ಎದುರು ಪಾತ್ರ. ಪ್ರಕಾಶಕನಿಲ್ಲ, ಸಂಪಾದಕನಿಲ್ಲ ಎಂಬ ಸ್ವಾತಂತ್ರ್ಯ ಪಡೆದವನು, ತನಗೆ ‘ಇದು ಸರಿಯಿಲ್ಲ’ ಎನ್ನಬಲ್ಲ ಒಬ್ಬರನ್ನಾದರೂ ಹುಡುಕಿಕೊಳ್ಳಬೇಕು. ಅಚ್ಚಿಗೆ ಕೊಡುವ ಮುಂಚೆಯೇ ಹುಡುಕಿದರೆ ಕಾಗದವೂ ಉಳಿದೀತು. ಅವರು ಪಂಡಿತರೇ ಆಗಬೇಕೆಂದಿಲ್ಲ. ಹೊಲದ ಕಥೆಯನ್ನು ಉಳುವವನು ಕೇಳಲಿ, ಅಡಿಗೆಮನೆಯ ಕಥೆಯನ್ನು ಅಲ್ಲಿ ಬೆಂದವಳು ಕೇಳಲಿ.

ಆ ಸಂಜೆಯ ಪ್ರಶ್ನೆಗೆ ಕೊನೆಗೆ ಉತ್ತರಿಸಿದವರು ಕಥೆಗಾರ್ತಿಯಾದ ತರುಣ ಶಿಕ್ಷಕಿ. ಒಂದು ಕಥೆಯ ಕೊನೆಯ ಎರಡು ಪುಟಗಳನ್ನು ತಾಯಿಗೆ ಓದಿ ತೋರಿಸಿದಾಗ ಆಕೆ ಏನೂ ಹೇಳದೆ ಎದ್ದು ಒಳಗೆ ಹೋದರಂತೆ. ಮಗಳು ಆ ಎರಡೂ ಪುಟಗಳನ್ನು ಕಿತ್ತುಹಾಕಿದರಂತೆ. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಮೇಜಿನ ಮೇಲಿಟ್ಟಿದ್ದ ಪುಸ್ತಕಗಳಲ್ಲಿ ಅವರ ಪುಸ್ತಕವನ್ನು ಆ ವಿದ್ಯಾರ್ಥಿ ಹಣ ಕೊಟ್ಟು ಕೊಂಡುದನ್ನು ನಾನು ಕಂಡೆ.

ನಾನೂ ಎದ್ದು ನನ್ನ ಹುಣ್ಣಿಮೆಯ ಭರತಿಯ ಸಂಗತಿಯನ್ನು ಹೇಳಬಹುದಿತ್ತು. ಅಂದು ಧೈರ್ಯ ಸಾಲಲಿಲ್ಲ. ಆ ವಿದ್ಯಾರ್ಥಿ ಈ ಪುಟವನ್ನು ಓದುವವನಾಗಿದ್ದರೆ, ಇದೇ ನನ್ನ ಉತ್ತರವೆಂದು ತಿಳಿಯಲಿ.