ಆಸ್ಪತ್ರೆ ಇದ್ದರೆ ಸಾಲದು: ಸೌದಿಯ ಕ್ಯಾನ್ಸರ್ ಲೆಕ್ಕ ಹೇಳುವ ಪಾಠ

ಸೌದಿ ಅರೇಬಿಯಾದಲ್ಲಿ ವರ್ಷಕ್ಕೆ ಸುಮಾರು 28 ಸಾವಿರ ಮಂದಿಯಲ್ಲಿ ಹೊಸದಾಗಿ ಕ್ಯಾನ್ಸರ್ ಪತ್ತೆಯಾಗುತ್ತದೆ. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದರೂ ಜನಸಂಖ್ಯೆಗೆ ತಕ್ಕ ಈ ಪ್ರಮಾಣ ಜಗತ್ತಿನ ಸರಾಸರಿಯ ಅರ್ಧದಷ್ಟೇ, ಹೆಚ್ಚುಕಡಿಮೆ ಭಾರತದಷ್ಟೇ. ರಿಯಾದ್‌ನ ಕಿಂಗ್ ಫೈಸಲ್ ಸ್ಪೆಷಲಿಸ್ಟ್ ಆಸ್ಪತ್ರೆ 1975ರಿಂದ ನಡೆಯುತ್ತಿದೆ, ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ 1994ರಿಂದ ಇಡೀ ದೇಶದ ಪ್ರಕರಣಗಳನ್ನು ದಾಖಲಿಸುತ್ತಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ನಾಗರಿಕರಿಗೆ ಚಿಕಿತ್ಸೆ ಉಚಿತ. ಹಾಗಿದ್ದೂ ಅಲ್ಲಿ ಸ್ತನ ಕ್ಯಾನ್ಸರ್ ಬೆಳೆದ ಹಂತದಲ್ಲಿ ವೈದ್ಯರ ಮುಂದೆ ಬರುವ ಮಹಿಳೆಯರು ಕಡಿಮೆಯೇನಿಲ್ಲ. ಕ್ಯಾನ್ಸರ್ ತಡೆಯುವುದಕ್ಕೂ ಒಳ್ಳೆಯ ಆಸ್ಪತ್ರೆ ಕಟ್ಟುವುದಕ್ಕೂ ಇರುವ ದೂರ ಇಲ್ಲಿ ಎದ್ದು ಕಾಣುತ್ತದೆ. ಜನ ತಾವಾಗಿ ಬರಲಿ ಎಂದು ಕಾಯದೆ ವ್ಯವಸ್ಥೆಯೇ ಅವರ ಬಳಿಗೆ ಹೋದ ಕಡೆಯಲ್ಲೆಲ್ಲ ಸೌದಿ ಗೆದ್ದಿದೆ, ಕಾದು ಕೂತ ಕಡೆ ಸೋತಿದೆ.

ಗೆದ್ದ ಕಥೆ ಹೆಪಟೈಟಿಸ್ ಬಿ ಲಸಿಕೆಯದು. ಈ ವೈರಾಣು ದೇಹದಲ್ಲಿ ದಶಕಗಳ ಕಾಲ ಉಳಿದು ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡುತ್ತದೆ. 1989ರಲ್ಲಿ ಸೌದಿ ಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿಯ ರಕ್ತದಲ್ಲಿ ಅದಿತ್ತು. ಆ ವರ್ಷವೇ ಎಲ್ಲ ನವಜಾತ ಶಿಶುಗಳಿಗೆ ಲಸಿಕೆ ಶುರುವಾಯಿತು, ಮರುವರ್ಷ ಶಾಲೆಗೆ ಸೇರುವ ಮಕ್ಕಳಿಗೂ ಬಂತು. 1997ರ ಹೊತ್ತಿಗೆ ಆ ಪ್ರಮಾಣ ಶೇಕಡಾ ಅರ್ಧಕ್ಕಿಂತ ಕೆಳಗಿಳಿಯಿತು. ಪ್ರತಿ ತಾಯಿಗೂ ಯಕೃತ್ತಿನ ಕ್ಯಾನ್ಸರ್ ಎಂದರೇನೆಂದು ತಿಳಿಸಿ ಹೇಳಿ ಸಾಧಿಸಿದ ಫಲವಲ್ಲ ಇದು. ಹೆರಿಗೆ, ಶಾಲಾ ದಾಖಲಾತಿ ಎಂಬ ತಪ್ಪಿಸಲಾಗದ ಎರಡು ಘಟ್ಟಗಳಿಗೆ ಲಸಿಕೆಯನ್ನು ಜೋಡಿಸಿದ್ದರಿಂದ ಸಿಕ್ಕಿದ್ದು.

ಸ್ತನ ಕ್ಯಾನ್ಸರ್ ವಿಷಯದಲ್ಲಿ ಇಂಥ ಜೋಡಣೆ ಇರಲಿಲ್ಲ. ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಅದೇ ಆದರೂ, 2013ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 50 ದಾಟಿದ ಮಹಿಳೆಯರ ಪೈಕಿ ಶೇ. 92ರಷ್ಟು ಮಂದಿ ಒಮ್ಮೆಯೂ ಮ್ಯಾಮೊಗ್ರಾಂ ಮಾಡಿಸಿಕೊಂಡಿರಲಿಲ್ಲ. ಪರೀಕ್ಷೆ ಉಚಿತವಾಗಿತ್ತು! ಇದಕ್ಕೆ ಸಂಪ್ರದಾಯವೇ ಕಾರಣ, ಪರದೆಯ ಸಮಾಜದಲ್ಲಿ ಹೆಂಗಸರು ಮುಂದೆ ಬರುವುದಿಲ್ಲ ಎಂದು ಹೇಳಿಬಿಡುವುದು ಸುಲಭ. ಸಂಕೋಚ ಇರುವುದು ನಿಜ. ಆದರೆ ಜೆಡ್ಡಾದ ಪ್ರಸೂತಿ ತಜ್ಞೆ ಸಾಮಿಯಾ ಅಲ್-ಅಮೂದಿ 2006ರಲ್ಲಿ ತಮಗೇ ಸ್ತನ ಕ್ಯಾನ್ಸರ್ ಬಂದಾಗ ಅದನ್ನು ಮುಚ್ಚಿಡದೆ ಪತ್ರಿಕೆಯಲ್ಲಿ ಬರೆದರು. 2015ರ ಡಿಸೆಂಬರ್‌ನಲ್ಲಿ ರಿಯಾದ್‌ನ ಮಹಿಳಾ ವಿಶ್ವವಿದ್ಯಾಲಯದ ಆವರಣದಲ್ಲಿ 8,264 ಹೆಂಗಸರು ಒಟ್ಟಾಗಿ ನಿಂತು ಜಾಗೃತಿಯ ರಿಬ್ಬನ್ ರಚಿಸಿ ಗಿನ್ನೆಸ್ ದಾಖಲೆ ಮಾಡಿದರು. ಕರೆದರೆ ಬರುವ ಹೆಂಗಸರಿದ್ದಾರೆ. ಆದರೆ ಒಂದು ದಿನದ ಸಮಾವೇಶದಿಂದ ತಪಾಸಣೆ ರೂಢಿಯಾಗದು. ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ದಿನಾಂಕ ಗೊತ್ತುಮಾಡಿ ಕರೆ ಹೋಗಬೇಕು, ಬಾರದಿದ್ದರೆ ಮತ್ತೆ ನೆನಪಿಸಬೇಕು.

ಪ್ರಮಾಣ ಹೇಗೂ ಕಡಿಮೆಯಿದೆ, ಇಷ್ಟೊಂದು ತಲೆಬಿಸಿ ಏಕೆ ಎಂದು ಯಾರಾದರೂ ಕೇಳಬಹುದು. ಇಂದಿನ ಅಂಕಿಗಳು ಹೆಚ್ಚಾಗಿ ಇಂದಿನ ಹಿರಿಯರ ಬದುಕಿನ ಫಲ. ಬೇಗ ಮದುವೆಯಾಗಿ ಹಲವು ಮಕ್ಕಳಿಗೆ ಹಾಲೂಡಿಸಿದ ತಾಯಂದಿರ, ಮೈಮುರಿದು ದುಡಿದವರ ತಲೆಮಾರು ಅದು. 2022ರ ಜನಗಣತಿಯ ಪ್ರಕಾರ ಸೌದಿ ನಾಗರಿಕರಲ್ಲಿ ಶೇ. 63 ಮಂದಿ 30ರ ಒಳಗಿನವರು. ಅವರದು ಕಾರು, ತಂಪು ಪಾನೀಯ, ಸಿಗರೇಟು, ಶೀಶಾ ಎಂಬ ಹುಕ್ಕಾಗಳ ಕಾಲ. 2013ರಲ್ಲೇ ಮೂವರು ಮಹಿಳೆಯರಲ್ಲಿ ಒಬ್ಬರಿಗೆ ಬೊಜ್ಜಿತ್ತು. ಗಂಡಸರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಈಗಾಗಲೇ ಮುಂದಿದೆ. ದಕ್ಷಿಣದ ಜಝಾನ್‌ನಲ್ಲಿ ನಮ್ಮ ಗುಟ್ಕಾದಂತೆ ಬಾಯಲ್ಲಿಡುವ ಶಮ್ಮಾ ಎಂಬ ಹೊಗೆಸೊಪ್ಪಿನ ಪುಡಿ ಬಾಯಿ ಕ್ಯಾನ್ಸರನ್ನು ಹೆಚ್ಚಿಸಿದೆ. ಈ ಯುವಜನ ಅರವತ್ತು ಮುಟ್ಟಿದಾಗ ಬರುವ ಲೆಕ್ಕವೇ ಬೇರೆ. 2017ರಲ್ಲಿ ಸರ್ಕಾರ ತಂಬಾಕಿನ ಮೇಲೆ ಶೇ. 100, ತಂಪು ಪಾನೀಯದ ಮೇಲೆ ಶೇ. 50 ತೆರಿಗೆ ಹಾಕಿತು. ಇದೂ ಲಸಿಕೆಯ ಜಾತಿಯದೇ ಕ್ರಮ. ಉಪದೇಶಕ್ಕೆ ಕಿವಿಗೊಡದವನನ್ನೂ ಬೆಲೆ ತಟ್ಟುತ್ತದೆ.

ಹಾಗೆಂದು ಎಲ್ಲರಿಗೂ ಎಲ್ಲ ಪರೀಕ್ಷೆ ಮಾಡಿಸುವುದೂ ಜಾಣತನವಲ್ಲ. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್ ಸ್ಕ್ಯಾನಿಂಗ್ ಹೆಚ್ಚಿದಂತೆ 1993ರಿಂದ 2011ರ ನಡುವೆ ಆ ಕ್ಯಾನ್ಸರ್ ಹದಿನೈದು ಪಟ್ಟು ಏರಿತು, ಸಾವು ಮಾತ್ರ ಇಳಿಯಲಿಲ್ಲ. ಎಂದೂ ತೊಂದರೆ ಕೊಡದ ಗಂಟುಗಳಿಗೆ ಎಷ್ಟೋ ಜನ ಶಸ್ತ್ರಚಿಕಿತ್ಸೆಗೆ ಒಳಗಾದರು. ಸೌದಿ ಮಹಿಳೆಯರಲ್ಲೂ ಥೈರಾಯ್ಡ್ ಎರಡನೇ ಸ್ಥಾನದಲ್ಲಿರುವುದರಿಂದ ಈ ಎಚ್ಚರ ಅಲ್ಲಿಗೂ ಬೇಕು. ಜೀವ ಉಳಿಸುತ್ತವೆಂದು ಸಾಬೀತಾದ ಸ್ತನ, ಕರುಳಿನ ತಪಾಸಣೆಗಳಂಥವನ್ನಷ್ಟೇ ಮನೆಬಾಗಿಲಿಗೆ ಒಯ್ದರೆ ಸಾಕು.

ಈ ಚರ್ಚೆಯಲ್ಲಿ ಕನ್ನಡಿಗರ ಪಾಲೂ ಇದೆ. ಸೌದಿಯ 3.2 ಕೋಟಿ ನಿವಾಸಿಗಳಲ್ಲಿ ಶೇ. 41ಕ್ಕೂ ಹೆಚ್ಚು ಮಂದಿ ವಿದೇಶಿಯರು, ಅವರಲ್ಲಿ ಸುಮಾರು 18.8 ಲಕ್ಷ ಭಾರತೀಯರು. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಜುಬೈಲ್, ದಮ್ಮಾಮ್, ಜೆಡ್ಡಾಗಳಿಗೆ ದುಡಿಯಲು ಹೋದವರು ಇವರಲ್ಲಿದ್ದಾರೆ. ಕೆಲಸದ ವೀಸಾಗೆ ಮೊದಲು ನಡೆಯುವ ವೈದ್ಯಕೀಯ ಪರೀಕ್ಷೆ ಮುಖ್ಯವಾಗಿ ಕ್ಷಯ, ಎಚ್‌ಐವಿ, ಹೆಪಟೈಟಿಸ್‌ಗಳಂಥ ಸೋಂಕುಗಳನ್ನು ಹುಡುಕುತ್ತದೆ. ಅಂದರೆ ಕೆಲಸಗಾರನಿಂದ ದೇಶಕ್ಕೆ ಬರಬಹುದಾದ ಅಪಾಯದ ಲೆಕ್ಕವೇ ಅಲ್ಲಿ ಮುಂದಿದೆ. ಇಪ್ಪತ್ತು ವರ್ಷ ದುಡಿದು ಐವತ್ತರಲ್ಲಿ ಊರಿಗೆ ಮರಳುವವನ ಬಾಯಿ, ಕರುಳಿನ ಸ್ಥಿತಿಯನ್ನು ಕೇಳುವವರು ಯಾರು? ಖಾಸಗಿ ವಲಯದ ನೌಕರರಿಗೆ ಆರೋಗ್ಯ ವಿಮೆ ಕಡ್ಡಾಯವಾಗಿರುವ ದೇಶದಲ್ಲಿ, ವಿಮೆ ನವೀಕರಣದ ಘಟ್ಟಕ್ಕೇ ವಯಸ್ಸಿಗೆ ತಕ್ಕ ತಪಾಸಣೆಯನ್ನು ಜೋಡಿಸಬಹುದು. ಲಸಿಕೆಯ ವಿಷಯದಲ್ಲಿ ಆ ಸರ್ಕಾರ ಪೋಷಕರ ಉತ್ಸಾಹವನ್ನು ನೆಚ್ಚಿ ಕೂರಲಿಲ್ಲ. ಕಾರ್ಮಿಕರ ವಿಷಯದಲ್ಲೂ ನೆಚ್ಚಬೇಕಾದ ಅಗತ್ಯವಿಲ್ಲ.